ಧೂಮಪಾನಿಗಳಲ್ಲಿ ನಿಕೋಟಿನ್ ಅವಲಂಬನೆಯ ಮಾಪನ

ನಿಕೋಟಿನ್ ಅವಲಂಬನೆಯ ಪ್ರಮಾಣವನ್ನು ಅಳೆಯಲು 1991ರಲ್ಲಿ ಪರಿಷ್ಕರಿಸಲಾದ ಫಾಗರ್‌ಸ್ಟ್ರಾಮ್ ಪರೀಕ್ಷೆಯನ್ನು ಬಳಸಲಾಗುತ್ತದೆ. ಇದರಲ್ಲಿ 6 ಪ್ರಶ್ನೆಗಳಿದ್ದು, ಗರಿಷ್ಠ ಅಂಕ 10 ಆಗಿರುತ್ತದೆ.

1. ಎಚ್ಚರಗೊಂಡ ನಂತರದ ಮೊದಲ ಸಿಗರೇಟು: 5 ನಿಮಿಷದೊಳಗೆ 3 ಅಂಕ, 6–30 ನಿಮಿಷ 2, 31–60 ನಿಮಿಷ 1.

2. ದಿನದ ಸಿಗರೇಟುಗಳ ಸಂಖ್ಯೆ: 11–20ಕ್ಕೆ 1 ಅಂಕ, 21–30ಕ್ಕೆ 2, 31 ಮತ್ತು ಮೇಲ್ಪಟ್ಟು 3.

3. ಕೆಳಕಂಡ ಪ್ರತಿಯೊಂದಕ್ಕೂ 1 ಅಂಕ: ನಿಷೇಧಿತ ಸ್ಥಳಗಳಲ್ಲಿ ತಡೆದುಕೊಳ್ಳಲು ಕಷ್ಟವಾಗುವುದು, ದಿನದ ಮೊದಲ ಸಿಗರೇಟನ್ನೇ ಬಿಡಲಾಗದಿರುವುದು, ಬೆಳಗಿನ ಹೊತ್ತು ಹೆಚ್ಚು ಸೇದುವುದು, ಕಾಯಿಲೆಯಿಂದ ಹಾಸಿಗೆ ಹಿಡಿದಾಗಲೂ ಸೇದುವುದು.

ಒಟ್ಟು ಅಂಕ 6 ಅಥವಾ ಹೆಚ್ಚಿದ್ದಲ್ಲಿ ಅವಲಂಬನೆ ತೀವ್ರವೆಂದು ಪರಿಗಣಿಸಲಾಗುತ್ತದೆ. ಇದು ಮನೋದೌರ್ಬಲ್ಯದ ಸೂಚಕವಲ್ಲ. ಇಂತಹವರಿಗೆ ಆಪ್ತಸಮಾಲೋಚನೆಯೊಂದಿಗೆ ಔಷಧೋಪಚಾರವೂ ಅಗತ್ಯವಾಗಬಹುದು. ಅಂಕ ಕಡಿಮೆಯಿದ್ದ ಮಾತ್ರಕ್ಕೆ ಧೂಮಪಾನ ನಿರಪಾಯಕಾರಿಯಲ್ಲ. ತಂಬಾಕು ತ್ಯಜಿಸಲಿಚ್ಛಿಸುವವರು ರಾಷ್ಟ್ರೀಯ ಶುಲ್ಕರಹಿತ ಸಹಾಯವಾಣಿ 1800-11-2356ನ್ನು ಸಂಪರ್ಕಿಸಬಹುದಾಗಿದೆ.