ಬೊಗೋಟಾದ ವೈದ್ಯರೂ ಪ್ಯಾಸ್ಕಲನ ನಿಯಮವೂ

ಅರವತ್ತಕ್ಕೆ ಅರಳುಮರಳು ಎಂದು ನಾವು ಎಷ್ಟು ಸಲೀಸಾಗಿ ಹೇಳಿಬಿಡುತ್ತೇವೆ! ಮನೆಯ ಹಿರಿಯರು ಕಾಲೆಳೆದು ನಡೆಯತೊಡಗಿದರೆ, ಮರೆವು ಹೆಚ್ಚಿದರೆ, ಬಚ್ಚಲು ಸೇರುವ ಮೊದಲೇ ಪಂಚೆ ಒದ್ದೆಯಾದರೆ, ಎಲ್ಲಕ್ಕೂ ವಯಸ್ಸನ್ನೇ ಹೊಣೆ ಮಾಡಿ ಸುಮ್ಮನಾಗುವುದು ವಾಡಿಕೆ. ಈ ಮೂರೂ ಕೂಡಿ ಬಂದಾಗ, ಕೆಲವರಲ್ಲಾದರೂ ಕಾರಣ ಬೇರೆಯೇ ಇರುತ್ತದೆ, ಅದಕ್ಕೆ ಚಿಕಿತ್ಸೆಯೂ ಉಂಟು. ಇದನ್ನು ಜಗತ್ತಿಗೆ ತೋರಿಸಿಕೊಟ್ಟವರು ಕೊಲಂಬಿಯಾ ದೇಶದ ನರಶಸ್ತ್ರವೈದ್ಯ ಸಾಲೊಮೊನ್ ಹಕೀಮ್.

ಲೆಬನಾನಿನಿಂದ ವಲಸೆ ಬಂದ ಕುಟುಂಬದಲ್ಲಿ 1922ರಲ್ಲಿ ಹುಟ್ಟಿದ ಹಕೀಮರಿಗೆ ಎಳವೆಯಿಂದಲೂ ವಿದ್ಯುತ್ತು, ಭೌತಶಾಸ್ತ್ರಗಳಲ್ಲಿ ಒಲವು. ಅಮೆರಿಕದ ಬಾಸ್ಟನ್ನಿನಲ್ಲಿ ತರಬೇತಿ ಪಡೆಯುತ್ತಿದ್ದಾಗ ಅವರು ಬುದ್ಧಿಭ್ರಮಣೆಯಿಂದ ಸತ್ತವರ ಮಿದುಳುಗಳನ್ನು ಪರೀಕ್ಷಿಸಿದರು. ಕೆಲವದರಲ್ಲಿ ಒಳಗಿನ ಕುಹರಗಳು ಹಿಗ್ಗಿದ್ದರೂ ಹೊರಪದರ ಅಷ್ಟೇನೂ ನಶಿಸಿರಲಿಲ್ಲ. ಈ ಒಗಟು ಅವರ ಮನಸ್ಸಿನಲ್ಲಿ ಉಳಿಯಿತು.

1957ರಲ್ಲಿ ಬೊಗೋಟಾದ ಸಾನ್ ಹುವಾನ್ ದೆ ದಿಯೋಸ್ ಆಸ್ಪತ್ರೆಯಲ್ಲಿ ಹದಿನಾರು ವರ್ಷದ ಹುಡುಗನೊಬ್ಬನಿದ್ದ. ವಾಹನ ಅಪಘಾತದಲ್ಲಿ ತಲೆಗೆ ಪೆಟ್ಟಾಗಿ, ಹೆಪ್ಪುಗಟ್ಟಿದ ರಕ್ತವನ್ನು ತೆಗೆದ ಮೇಲೂ ಅವನಿಗೆ ಮಾತಿಲ್ಲ, ಸ್ಪಂದನವಿಲ್ಲ. ಮಿದುಳಿನ ಕುಹರಗಳು ಹಿಗ್ಗಿದ್ದವು. ಆದರೆ ದ್ರವದ ಒತ್ತಡ ಅಳೆದರೆ 150 ಮಿ.ಮೀ. ನೀರಿನ ಮಟ್ಟ, ಅಂದರೆ ಸಹಜ. ಒತ್ತಡವೇ ಹೆಚ್ಚಿಲ್ಲವೆಂದ ಮೇಲೆ ಮಾಡುವುದೇನು? ಹಕೀಮರು ಪ್ರಯೋಗಾಲಯದ ಪರೀಕ್ಷೆಗೆಂದು 15 ಮಿ.ಲೀ. ದ್ರವ ತೆಗೆದರು, ಅಷ್ಟೆ. ಮರುದಿನ ಹುಡುಗ ನಾಲ್ಕು ಮಾತಾಡಿದ! ಆ ಸುಧಾರಣೆ ನಿಲ್ಲಲಿಲ್ಲ. ಮತ್ತೆ ದ್ರವ ತೆಗೆದಾಗ ಮತ್ತೆ ಚೇತರಿಸಿಕೊಂಡ. ಕೊನೆಗೆ ಮಿದುಳಿನ ದ್ರವವನ್ನು ಹೃದಯದ ಕಡೆಗೆ ಹರಿಸುವ ಕೊಳವೆಯನ್ನು ಜೋಡಿಸಿದರು. ಹುಡುಗ ಮರಳಿ ಶಾಲೆಗೆ ಹೋದ. ಮೇಷ್ಟರಾದ ನನಗೆ ಈ ಕೊನೆಯ ಸಂಗತಿಯೇ ಹೆಚ್ಚು ಪ್ರಿಯ.

ಸಹಜ ಒತ್ತಡವೂ ಹಾನಿ ಮಾಡುವುದು ಹೇಗೆ? ನನ್ನ ವಿದ್ಯಾರ್ಥಿಗಳಿಗೆ ಪ್ಯಾಸ್ಕಲನ ನಿಯಮ, ಹೈಡ್ರಾಲಿಕ್ ಜ್ಯಾಕಿನ ಚಿತ್ರ ನೆನಪಿರಬೇಕು. ಬಲವೆಂದರೆ ಒತ್ತಡ ಮತ್ತು ವಿಸ್ತೀರ್ಣಗಳ ಗುಣಲಬ್ಧ. ಕುಹರ ಒಮ್ಮೆ ಹಿಗ್ಗಿತೆಂದರೆ ಅದರ ಗೋಡೆಯ ವಿಸ್ತೀರ್ಣ ಹೆಚ್ಚುತ್ತದೆ. ಒತ್ತಡ ಮೊದಲಿನಷ್ಟೇ ಇದ್ದರೂ ಗೋಡೆಯ ಮೇಲಿನ ಒಟ್ಟು ಬಲ ಹೆಚ್ಚುತ್ತದೆ. ಹಕೀಮರು ಕೊಟ್ಟ ವಿವರಣೆ ಇದೇ. ಇಂದಿನ ಸಂಶೋಧಕರು ಇದನ್ನು ಪೂರ್ಣ ಉತ್ತರವೆಂದು ಒಪ್ಪುವುದಿಲ್ಲ. ದ್ರವ ಸರಿಯಾಗಿ ಹೀರಲ್ಪಡದಿರುವುದು, ರಕ್ತನಾಳಗಳ ಬಿಗಿತ ಮೊದಲಾದ ಕಾರಣಗಳನ್ನೂ ಸೇರಿಸುತ್ತಾರೆ. ಆದರೂ ಎಂಟು-ಒಂಬತ್ತನೆಯ ತರಗತಿಯ ಒಂದು ಸೂತ್ರವನ್ನು ಹಿಡಿದು ರೋಗಿಯ ಹಾಸಿಗೆಯ ಬಳಿ ಯೋಚಿಸಿದ ಆ ಧೈರ್ಯ ನನಗೆ ದೊಡ್ಡದಾಗಿಯೇ ಕಾಣುತ್ತದೆ.

ಹಕೀಮರ ಪ್ರಬಂಧ 1964ರಲ್ಲಿ ಸ್ಪ್ಯಾನಿಷ್ ಭಾಷೆಯಲ್ಲಿ ಬಂತು. 1965ರಲ್ಲಿ ರೇಮಂಡ್ ಆಡಮ್ಸ್ ಮೊದಲಾದವರೊಡನೆ ಅಮೆರಿಕದ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಬರೆದ ಮೇಲೆ ನಾರ್ಮಲ್ ಪ್ರೆಷರ್ ಹೈಡ್ರೊಸೆಫಾಲಸ್ ಎಲ್ಲೆಡೆ ಪರಿಚಿತವಾಯಿತು. ಕೊಳವೆಗೆ ಬೇಕಾದ ಕವಾಟ ಅದಕ್ಕೂ ಮೊದಲೇ ಬಂದಿತ್ತು. ಅದರದೂ ಒಂದು ಕಥೆ. ಅಮೆರಿಕದ ಬೀಗ ತಯಾರಿಕಾ ಕಂಪನಿಯೊಂದರ ತಂತ್ರಜ್ಞ ಜಾನ್ ಹೋಲ್ಟರ್, ತಲೆಯಲ್ಲಿ ನೀರು ತುಂಬಿದ್ದ ತಮ್ಮ ಕೂಸಿಗಾಗಿ 1956ರಲ್ಲಿ ಅದನ್ನು ರೂಪಿಸಿದ್ದರು. ಮುಂದೆ ಹಕೀಮರೂ ತಮ್ಮದೇ ಕವಾಟವನ್ನು ತಯಾರಿಸಿದರು.

ಹೊಸ ಚಿಕಿತ್ಸೆ ಸಿಕ್ಕಾಗ ಆಗುವಂತೆ ಇಲ್ಲಿಯೂ ಉತ್ಸಾಹ ಮಿತಿಮೀರಿತು. ಆಲ್ಜೈಮರ್ ಇದ್ದವರಿಗೂ ಕೊಳವೆ ಹಾಕಿ, ಗುಣ ಕಾಣದೆ, ಸೋಂಕು ಮತ್ತು ರಕ್ತಸ್ರಾವಗಳನ್ನು ಕಂಡ ಮೇಲೆ ವೈದ್ಯರಲ್ಲೇ ಅಪನಂಬಿಕೆ ಬೆಳೆಯಿತು. ಆದುದರಿಂದಲೇ ರೋಗಿಯನ್ನು ಆರಿಸುವ ಪರೀಕ್ಷೆ ಮುಖ್ಯವಾಯಿತು. ಸ್ಕ್ಯಾನಿನಲ್ಲಿ ಹಿಗ್ಗಿದ ಕುಹರ ಕಂಡರಷ್ಟೇ ಸಾಲದು. ವಯಸ್ಸಾದವರ ಮಿದುಳು ಕುಗ್ಗಿದಾಗಲೂ ಹಾಗೆ ಕಾಣುತ್ತದೆ. ಬೆನ್ನಿನಿಂದ 30ರಿಂದ 50 ಮಿ.ಲೀ. ದ್ರವ ತೆಗೆದು, ಅದಕ್ಕೆ ಮೊದಲೂ ಆಮೇಲೂ ರೋಗಿಯನ್ನು ನಡೆಸಿ ನೋಡುತ್ತಾರೆ. ನಡಿಗೆ ಚುರುಕಾದರೆ ಕೊಳವೆಯಿಂದ ಪ್ರಯೋಜನವಾಗುವ ಸಂಭವ ಹೆಚ್ಚು. ಆಗದಿದ್ದ ಮಾತ್ರಕ್ಕೆ ಪ್ರಯೋಜನವೇ ಇಲ್ಲವೆಂದಲ್ಲ. ಒಮ್ಮೊಮ್ಮೆ ಕೆಲವು ದಿನ ದ್ರವ ಹರಿಸಿ ನೋಡುವುದುಂಟು.

ನಡಿಗೆಯ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಆಲ್ಜೈಮರಿನಲ್ಲಿ ಸಾಮಾನ್ಯವಾಗಿ ಮರೆವು ಮೊದಲು. ಇಲ್ಲಿ ಬಹುಮಟ್ಟಿಗೆ ಕಾಲು ಮೊದಲು. ಪಾದ ನೆಲಕ್ಕೆ ಅಂಟಿದಂತೆ, ಕಾಲು ಅಗಲಿಸಿ, ಗಿಡ್ಡ ಹೆಜ್ಜೆ; ತಿರುಗಬೇಕಾದರೆ ಹಲವು ಹೆಜ್ಜೆ. ಚಿಕಿತ್ಸೆಯಿಂದ ಮೊದಲು ಸುಧಾರಿಸುವುದೂ ಸಾಮಾನ್ಯವಾಗಿ ನಡಿಗೆಯೇ. 99 ರೋಗಿಗಳ ಮೇಲೆ ನಡೆದು 2025ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಎಲ್ಲರಿಗೂ ಕೊಳವೆ ಜೋಡಿಸಿ, ಅರ್ಧದಷ್ಟು ಮಂದಿಯಲ್ಲಿ ಮಾತ್ರ ದ್ರವ ಹರಿಯುವಂತೆ ಕವಾಟವನ್ನು ಹೊಂದಿಸಿದ್ದರು. ಮೂರು ತಿಂಗಳಲ್ಲಿ ಹರಿವಿದ್ದವರ ನಡಿಗೆಯ ವೇಗ ಸೆಕೆಂಡಿಗೆ ಸರಾಸರಿ 0.23 ಮೀಟರ್ ಹೆಚ್ಚಿತು, ಉಳಿದವರಲ್ಲಿ 0.03 ಮಾತ್ರ. ಮರೆವಿನಲ್ಲಿ, ಮೂತ್ರದ ತೊಂದರೆಯಲ್ಲಿ ಆ ಅವಧಿಯೊಳಗೆ ಅಂಥ ವ್ಯತ್ಯಾಸ ಕಾಣಲಿಲ್ಲ. ಹರಿವಿದ್ದವರಲ್ಲಿ ತಲೆಯೊಳಗಿನ ರಕ್ತಸ್ರಾವ ಹೆಚ್ಚಾಗಿತ್ತು ಎಂಬುದನ್ನೂ ಹೇಳಲೇಬೇಕು.

ಹಕೀಮರು 2011ರಲ್ಲಿ ತೀರಿಕೊಂಡರು. ಈಗ ಬಳಕೆಯಲ್ಲಿರುವ ಹಲವು ಕವಾಟಗಳನ್ನು ಚರ್ಮದ ಹೊರಗಿನಿಂದಲೇ ಅಯಸ್ಕಾಂತದ ಉಪಕರಣದಿಂದ ಹೊಂದಿಸಬಹುದು. ನಿಮ್ಮ ಮನೆಯ ಹಿರಿಯರಿಗೆ ಅಂಥ ಕವಾಟವಿದ್ದರೆ, ಎಂ.ಆರ್.ಐ. ಮಾಡಿಸುವ ಮುನ್ನ ಅಲ್ಲಿಯವರಿಗೆ ತಿಳಿಸಿರಿ. ಮಾಡಿಸಿದ ಮೇಲೆ ಕವಾಟದ ಹೊಂದಿಕೆ ಬದಲಾಗಿದೆಯೇ ಎಂದು ನರಶಸ್ತ್ರವೈದ್ಯರಲ್ಲಿ ಪರೀಕ್ಷಿಸಿಕೊಳ್ಳಿರಿ.