ಶ್ರೀರಾಮಪುರದ ತೋಟ

ಕನ್ನಡ ವ್ಯಾಕರಣಗಳ ಚರಿತ್ರೆಯನ್ನು ಬಲ್ಲವರಿಗೆ ವಿಲಿಯಂ ಕೇರಿಯವರ ಹೆಸರು ಅಪರಿಚಿತವಲ್ಲ. 1817ರಲ್ಲಿ ಬಂಗಾಳದ ಶ್ರೀರಾಮಪುರದ ಮುದ್ರಣಾಲಯದಿಂದ ಇವರ ಕರ್ಣಾಟಕ ಭಾಷಾ ವ್ಯಾಕರಣವು ಇಂಗ್ಲಿಷಿನಲ್ಲಿ ಅಚ್ಚಾಗಿ ಹೊರಬಿದ್ದಿತು. ಬಹು ಭಾಷೆಗಳ ಪಂಡಿತರೆಂದೂ, ಕ್ರೈಸ್ತ ಮತಪ್ರಚಾರಕರೆಂದೂ, ಬೈಬಲಿನ ಭಾಷಾಂತರಕಾರರೆಂದೂ ಅವರು ಪ್ರಸಿದ್ಧರಾಗಿರುವರು. ಆದರೆ ಅವರ ದಿನಚರಿಯು ವ್ಯಾಕರಣದಿಂದಲೂ ಬೈಬಲಿನಿಂದಲೂ ಆರಂಭವಾಗುತ್ತಿರಲಿಲ್ಲ, ತೋಟದಿಂದ ಆರಂಭವಾಗುತ್ತಿತ್ತು. ಸೂರ್ಯೋದಯದ ಹೊತ್ತಿಗೆ ಗಿಡಗಳ ನಡುವೆ ನಡೆದಾಡುತ್ತ ಪ್ರಾರ್ಥನೆ ಮಾಡುವುದು ಅವರ ನಿತ್ಯ ನಿಯಮವಾಗಿತ್ತು. ಆ ತೋಟದ ಕಥೆಯು ಇಂದು ಬಹುಮಟ್ಟಿಗೆ ಮರೆತುಹೋಗಿದೆ. ಮರೆಯಬಾರದ ಕಥೆಯಾದುದರಿಂದ ಅದನ್ನು ಸ್ಮರಿಸುವುದು ಉಚಿತವಾಗಿದೆ.

ಕೇರಿಯವರು 1761ನೆಯ ಆಗಸ್ಟ್ 17ರಂದು ಇಂಗ್ಲೆಂಡಿನ ನಾರ್ದಾಂಪ್ಟನ್ ಸೀಮೆಯ ಪಾಲರ್ಸ್‌ಪರಿ ಎಂಬ ಹಳ್ಳಿಯಲ್ಲಿ ನೇಯ್ಗೆಯವನ ಮಗನಾಗಿ ಹುಟ್ಟಿದರು. ಅವರ ಚಿಕ್ಕಪ್ಪನು ತೋಟಗಾರನಾಗಿದ್ದುದರಿಂದ ಗಿಡಮೂಲಿಕೆಗಳಲ್ಲಿ ಆಸಕ್ತಿಯು ಬಾಲ್ಯದಲ್ಲಿಯೇ ಬೇರೂರಿತು. ತೋಟದ ಕೆಲಸಕ್ಕೇ ಹೋಗುತ್ತಿದ್ದರೋ ಏನೋ. ಆದರೆ ಬಿಸಿಲನ್ನು ಸಹಿಸದ ಚರ್ಮರೋಗವೊಂದು ಅಡ್ಡಬಂದು, ಹುಡುಗನು ನೆರಳಿನಲ್ಲಿ ಕುಳಿತು ಚಮ್ಮಾರಿಕೆಯನ್ನು ಕಲಿಯಬೇಕಾಯಿತು. ಇಂಗ್ಲೆಂಡಿನ ಬಿಸಿಲಿಗೆ ಅಂಜಿದವರೇ ಮುಂದೆ ಬಂಗಾಳದ ಬಿಸಿಲಿನಲ್ಲಿ ನಾಲ್ವತ್ತು ವರ್ಷ ಬಾಳಿ ತೋಟವನ್ನು ಬೆಳೆಸಿದುದು ವಿಧಿಯ ವಿನೋದವೇ ಸರಿ.

1793ರಲ್ಲಿ ಅವರು ಕಲ್ಕತ್ತೆಗೆ ಬಂದರು. ಕಂಪೆನಿ ಸರಕಾರಕ್ಕೆ ಮತಪ್ರಚಾರಕರು ಬೇಡವಾಗಿದ್ದರು. ಆದುದರಿಂದ 1794ರಲ್ಲಿ ಮಾಲ್ಡಾ ಪ್ರಾಂತದ ಮದನಾವತಿಯ ನೀಲಿ ಕಾರ್ಖಾನೆಯಲ್ಲಿ ಮೇಲ್ವಿಚಾರಕರಾಗಿ ಜೀವನೋಪಾಯವನ್ನು ಕಂಡುಕೊಂಡರು. ಅದೇ ವರ್ಷ ಅವರ ಐದು ವರ್ಷದ ಮಗನು ತೀರಿಕೊಂಡನು. ಪತ್ನಿಯ ಬುದ್ಧಿಯು ಶಾಶ್ವತವಾಗಿ ಕದಡಿತು. ಇಂತಹ ದುಃಖದ ದಿನಗಳಲ್ಲಿಯೂ ಅವರು ಸ್ವದೇಶಕ್ಕೆ ಬರೆದ ಕಾಗದಗಳಲ್ಲಿ ಬೀಜಗಳಿಗಾಗಿಯೂ ಉಳುಮೆಯ ಉಪಕರಣಗಳಿಗಾಗಿಯೂ ಬೇಡಿಕೆಯಿರುತ್ತಿತ್ತು. ದಿನಾಜಪುರ ಜಿಲ್ಲೆಯ ಬೇಸಾಯದ ಸ್ಥಿತಿಯನ್ನು ಕಣ್ಣಾರೆ ಕಂಡು, ನೇಗಿಲು, ಬೆಳೆ, ನೆಲ ಇವುಗಳ ವಿಷಯವಾಗಿ ಅವರು ಬರೆದ ಪ್ರಬಂಧವು ಏಷಿಯಾಟಿಕ್ ಸೊಸೈಟಿಯ ಸಂಪುಟದಲ್ಲಿ ಪ್ರಕಟವಾಯಿತು.

1800ನೆಯ ಜನವರಿಯಲ್ಲಿ ಕೇರಿಯವರು ಹೂಗ್ಲಿ ನದಿಯ ಪಶ್ಚಿಮ ತೀರದಲ್ಲಿ ಡೇನರ ಅಧೀನದಲ್ಲಿದ್ದ ಶ್ರೀರಾಮಪುರಕ್ಕೆ ಬಂದು ನೆಲೆಸಿದರು. ಅಲ್ಲಿ ಸುಮಾರು 5 ಎಕರೆ ನೆಲದಲ್ಲಿ ತೋಟವನ್ನು ಹಾಕಿ, ಗಿಡಗಳನ್ನು ಲಿನೇಯಸ್ ಪಂಡಿತನ ವರ್ಗೀಕರಣಕ್ಕನುಸಾರವಾಗಿ ನೆಟ್ಟರು. ಶಿವಪುರದಲ್ಲಿದ್ದ ಕಂಪೆನಿಯ ಸಸ್ಯೋದ್ಯಾನದ ಅಧಿಕಾರಿಯಾದ ವಿಲಿಯಂ ರಾಕ್ಸ್‌ಬರೋ ಅವರೊಡನೆ ಸ್ನೇಹ ಬೆಳೆಯಿತು. ಬೀಜಗಳೂ ಸಸಿಗಳೂ ನದಿಯ ಮೇಲೆ ಅತ್ತಿತ್ತ ಸಾಗಿದವು. ರಾಕ್ಸ್‌ಬರೋ ಅವರು ಭಾರತದ ಒಂದು ವೃಕ್ಷಕುಲಕ್ಕೆ ಮಿತ್ರರ ಹೆಸರನ್ನಿಟ್ಟು ‘ಕೇರಿಯಾ’ ಎಂದು ಕರೆದರು. ಆ ಕುಲದ ‘ಕೇರಿಯಾ ಆರ್ಬೋರಿಯಾ’ ಎಂಬುದು ನಮ್ಮ ಕಾಡುಗಳಲ್ಲಿ ಕಾಣುವ ಕವಲು ಮರವೇ. ಮಲೆನಾಡಿನ ದಾರಿಯಲ್ಲಿ ಅದರ ಅಡಿಯಲ್ಲಿ ಹಾಯ್ದುಹೋಗುವ ಜನರಿಗೆ ವೈಯಾಕರಣನೊಬ್ಬನ ಹೆಸರು ಅದರಲ್ಲಿ ಅಡಗಿರುವುದು ತಿಳಿಯದು.

ಮಿತ್ರರ ಋಣವನ್ನು ಕೇರಿಯವರು ಚೆನ್ನಾಗಿಯೇ ತೀರಿಸಿದರು. ಶಿವಪುರದ ಉದ್ಯಾನದ ಸಸ್ಯಗಳ ಪಟ್ಟಿಯನ್ನು 1814ರಲ್ಲಿ ಶ್ರೀರಾಮಪುರದಲ್ಲಿ ಅಚ್ಚುಹಾಕಿಸಿದರು. 1815ರಲ್ಲಿ ರಾಕ್ಸ್‌ಬರೋ ಅವರು ಗತಿಸಿದ ಮೇಲೆ, ಅವರ ಹಸ್ತಪ್ರತಿಯಾಗಿ ಉಳಿದಿದ್ದ ‘ಫ್ಲೋರಾ ಇಂಡಿಕಾ’ ಎಂಬ ಮಹಾಗ್ರಂಥದ ಎರಡು ಸಂಪುಟಗಳನ್ನು 1820ರಲ್ಲಿಯೂ 1824ರಲ್ಲಿಯೂ ಹೊರತಂದು, 1832ರಲ್ಲಿ ಮೂರು ಸಂಪುಟಗಳ ಆವೃತ್ತಿಯನ್ನು ಪೂರ್ಣಗೊಳಿಸಿದರು. ಸೃಷ್ಟಿಯೆಲ್ಲವೂ ಸೃಷ್ಟಿಕರ್ತನನ್ನು ಕೊಂಡಾಡುವುದೆಂಬ ಭಾವದ ಕೀರ್ತನೆಯ ಮಾತೊಂದನ್ನು ಸಸ್ಯಶಾಸ್ತ್ರದ ಆ ಗ್ರಂಥದ ಮುಖಪುಟದಲ್ಲಿ ಇರಿಸಿದುದು ಅವರ ಮನೋಧರ್ಮವನ್ನು ತೋರಿಸುತ್ತದೆ.

ಆ ಮನೋಧರ್ಮವಾದರೂ ಯಾವುದು? ಬೈಬಲಿನ ಆದಿಪರ್ವದಲ್ಲಿ ಮನುಷ್ಯನ ವಿಷಯವಾಗಿ ಎರಡು ಮಾತುಗಳಿವೆ. ಒಂದರಲ್ಲಿ ಅವನಿಗೆ ಭೂಮಿಯ ಮೇಲೆ ದೊರೆತನವು ಕೊಡಲ್ಪಟ್ಟಿದೆ. ಇನ್ನೊಂದರಲ್ಲಿ ಅವನು ಒಂದು ತೋಟದಲ್ಲಿ, ಅದನ್ನು ವ್ಯವಸಾಯ ಮಾಡಿ ಕಾಯುವುದಕ್ಕೆಂದು, ಇರಿಸಲ್ಪಟ್ಟಿದ್ದಾನೆ. ಮೊದಲನೆಯ ಮಾತನ್ನು ಹಿಡಿದು ಕಾಡುಗಳನ್ನು ಕಡಿದವರುಂಟು. ಕೇರಿಯವರ ಬಾಳು ಎರಡನೆಯ ಮಾತಿನ ಕಡೆಗೆ ಒಲಿದಿತ್ತು. ನೆಲವು ದೇವರದು, ಮನುಷ್ಯನು ಅದರ ಪಾರುಪತ್ಯಗಾರನು ಮಾತ್ರ. ಪಾರುಪತ್ಯಗಾರನು ಲೆಕ್ಕವನ್ನು ಒಪ್ಪಿಸಲೇಬೇಕು. ಬೀಳುನೆಲವನ್ನು ಸಾಗುವಳಿಗೆ ತರಬೇಕು, ಮರಮುಟ್ಟಿಗಾಗಿ ಕಡಿಯುವವರು ಮೊದಲು ನೆಡಬೇಕು ಎಂಬ ಅವರ ವಾದವು ಈ ಭಾವದಿಂದಲೇ ಹೊರಟಿತು. ಸರಕಾರವು ಅರಣ್ಯರಕ್ಷಣೆಗೆ ಇಲಾಖೆಯನ್ನು ಏರ್ಪಡಿಸಿದುದು ಅವರು ತೀರಿದ ಮೂವತ್ತು ವರ್ಷಗಳ ಮೇಲೆ, 1864ರಲ್ಲಿ.

ಒಬ್ಬನ ತೋಟವು ಒಬ್ಬನೊಡನೆ ಅಳಿಯುತ್ತದೆ. ಇದನ್ನು ಬಲ್ಲ ಕೇರಿಯವರು 1820ನೆಯ ಏಪ್ರಿಲ್ 15ರಂದು ಒಂದು ವಿಜ್ಞಾಪನಪತ್ರವನ್ನು ಪ್ರಕಟಿಸಿ, ಬೇಸಾಯ ಮತ್ತು ತೋಟಗಾರಿಕೆಗಾಗಿ ಒಂದು ಸಂಘವು ಬೇಕೆಂದು ಕೇಳಿಕೊಂಡರು. ಅದೇ ಸಪ್ಟೆಂಬರ್ 14ರಂದು ಕಲ್ಕತ್ತೆಯಲ್ಲಿ ಸಂಘವು ಹುಟ್ಟಿತು. 1824ರಲ್ಲಿ ಅವರೇ ಅದರ ಅಧ್ಯಕ್ಷರಾದರು. ಭಾರತೀಯ ಗೃಹಸ್ಥರು ಐರೋಪ್ಯರಂತೆಯೇ ಸದಸ್ಯರೂ ಅಧಿಕಾರಿಗಳೂ ಆಗಲು ಅರ್ಹರೆಂದು ವಿಜ್ಞಾಪನೆಯಲ್ಲಿ ಸ್ಪಷ್ಟವಾಗಿ ಹೇಳಿದ್ದುದು ಆ ಕಾಲಕ್ಕೆ ಸಾಮಾನ್ಯವಾದ ಮಾತಲ್ಲ. ಮುಂದೆ ತರಕಾರಿಗಳ ಪ್ರದರ್ಶನಗಳು ನಡೆದು, ಉತ್ತಮ ಬೆಳೆಯನ್ನು ತಂದ ಮಾಲಿಗಳಿಗೆ ಬಹುಮಾನಗಳು ದೊರೆತವು. ನಮ್ಮ ಬೆಂಗಳೂರಿನಲ್ಲಿಯೂ ಇಂತಹದೇ ಒಂದು ಸಂಘವು 1836ರಲ್ಲಿ ಏರ್ಪಟ್ಟು ಲಾಲ್‌ಬಾಗಿನ ಆಡಳಿತವನ್ನು ವಹಿಸಿಕೊಂಡಿತ್ತು; ಅದು 1842ರಲ್ಲಿ ಮುರಿದುಬಿದ್ದಿತು. 1856ರಲ್ಲಿ ಲಾಲ್‌ಬಾಗು ಸರಕಾರದ ಸಸ್ಯೋದ್ಯಾನವಾಯಿತು.

ಸತ್ಯವನ್ನು ಹೇಳುವಾಗ ದೋಷವನ್ನು ಮುಚ್ಚಲಾಗದು. ಈ ದೇಶದ ಬೇಸಾಯವು ಹಿಂದುಳಿದುದೆಂದೂ ಅದನ್ನು ತಿದ್ದುವ ಬುದ್ಧಿಯು ಇಂಗ್ಲೆಂಡಿನಿಂದ ಬರತಕ್ಕುದೆಂದೂ ಕೇರಿಯವರು ಬಹುಮಟ್ಟಿಗೆ ನಂಬಿದ್ದರು. ಇಲ್ಲಿಯ ರೈತನು ಒಟ್ಟಿನಲ್ಲಿ ಇಂಗ್ಲೆಂಡಿನ ರೈತನಿಗೆ ಕಡಮೆಯವನಲ್ಲವೆಂದು ವೋಲ್ಕರ್ ಎಂಬ ರಸಾಯನ ಪಂಡಿತನು 1893ರ ವರದಿಯಲ್ಲಿ ಒಪ್ಪಿಕೊಳ್ಳುವವರೆಗೆ ಆ ನಂಬಿಕೆಯು ಅಧಿಕಾರಿಗಳಲ್ಲಿ ಬೇರುಬಿಟ್ಟಿತ್ತು. ಕೇರಿಯವರಿಗೆ ಮೊದಲು ಅನ್ನವಿತ್ತ ನೀಲಿಯೇ 1859ರಲ್ಲಿ ಬಂಗಾಳದ ರೈತರು ದಂಗೆಯೇಳುವಷ್ಟು ಕ್ರೂರವಾದ ಬೆಳೆಯಾಯಿತು. ನೆಲವನ್ನು ಕಾಯುವ ಧರ್ಮವು ನೆಲವನ್ನು ಉಳುವವನನ್ನೂ ಕಾಯಬೇಕೆಂಬ ಪಾಠವು ಈ ಚರಿತ್ರೆಯಲ್ಲಿದೆ.

ತೋಟಕ್ಕೆ ವಿಪತ್ತುಗಳು ತಪ್ಪಲಿಲ್ಲ. 1812ರಲ್ಲಿ ಮುದ್ರಣಾಲಯವು ಸುಟ್ಟು ಅನೇಕ ಹಸ್ತಪ್ರತಿಗಳು ಬೂದಿಯಾದವು. 1823ನೆಯ ಅಕ್ಟೋಬರಿನಲ್ಲಿ ಅವರು ದೋಣಿಯಿಂದಿಳಿಯುವಾಗ ಬಿದ್ದು, ಸೊಂಟಕ್ಕೆ ಪೆಟ್ಟಾಗಿ ಹಾಸಿಗೆ ಹಿಡಿದಿರುವಾಗಲೇ ದಾಮೋದರ ನದಿಯ ಪ್ರವಾಹವು ನುಗ್ಗಿತು. ದಡದ ಮೇಲಿದ್ದ ಮನೆಯನ್ನು ಬಿಡಬೇಕಾಯಿತು. ತೋಟದಲ್ಲಿ ವರ್ಷಗಟ್ಟಲೆ ಸಾಕಿದ ಗಿಡಗಳು ನಾಶವಾದವು. ಅರುವತ್ತೆರಡು ವರ್ಷದ ಆ ಮುದುಕರು ಎದ್ದು ನಡೆಯುವಂತಾದೊಡನೆ ಮತ್ತೆ ನೆಡಲು ತೊಡಗಿದರು.

ಇಂತಹ ದೃಢಚಿತ್ತರ ಹೃದಯದ ಮಾರ್ದವಕ್ಕೆ ಒಂದು ಪ್ರಸಂಗವು ಸಾಕ್ಷಿಯಾಗಿದೆ. ಇಂಗ್ಲೆಂಡಿನಿಂದ ಬಂದ ಬೀಜದ ಚೀಲವನ್ನು ಬರಿದುಮಾಡಿ, ತಳದಲ್ಲಿದ್ದ ಮಣ್ಣನ್ನು ಅವರು ನೆರಳಿನ ಮೂಲೆಯೊಂದರಲ್ಲಿ ಕೊಡಹಿದರು. ಕೆಲವು ದಿನಗಳ ಮೇಲೆ ಅಲ್ಲಿ ಡೈಸಿ ಹೂವಿನ ಸಸಿಯು ಮೊಳೆಯಿತು. ಬಾಲ್ಯದ ಹೊಲಗಳಲ್ಲಿ ಕಾಲ್ತುಳಿತಕ್ಕೆ ಸಿಕ್ಕುತ್ತಿದ್ದ ಹೂವನ್ನು ಬಹು ವರ್ಷಗಳ ಮೇಲೆ ಕಂಡ ಅವರಿಗಾದ ಆನಂದವನ್ನು ಕೇಳಿ ಮಾಂಟ್‌ಗೊಮೆರಿ ಎಂಬ ಕವಿಯು ಕವಿತೆಯನ್ನೇ ರಚಿಸಿದನು.

ಕೊನೆಯ ದಿನಗಳಲ್ಲಿ ನಡೆಯಲಾರದ ಕೇರಿಯವರನ್ನು ಗಾಲಿಗಳ ಕುರ್ಚಿಯಲ್ಲಿ ಕೂರಿಸಿ ತೋಟಕ್ಕೆ ಕರೆದೊಯ್ಯುತ್ತಿದ್ದರು; ಅದೂ ಆಗದಿದ್ದಾಗ ಮಾಲಿಯು ಮಂಚದ ಬಳಿಗೆ ಬಂದು ಗಿಡಗಳ ಯೋಗಕ್ಷೇಮವನ್ನು ತಿಳಿಸಿ ಅಪ್ಪಣೆ ಪಡೆದು ಹೋಗುವನು. ತಾವು ಹೋದ ಮೇಲೆ ಮಾರ್ಷ್‌ಮನ್ನರು ತೋಟಕ್ಕೆ ದನಗಳನ್ನು ಬಿಟ್ಟುಬಿಡುವರೆಂದು ಅವರು ಒಮ್ಮೆ ಕಳವಳಪಟ್ಟರಂತೆ. ಬಳಿಯಲ್ಲಿದ್ದ ಆ ಮಿತ್ರರು, ತಮಗೆ ಸಸ್ಯಗಳಲ್ಲಿ ಅಷ್ಟು ಅಭಿರುಚಿಯಿಲ್ಲದಿದ್ದರೂ ತೋಟವನ್ನು ಪವಿತ್ರವೆಂದೆಣಿಸಿ ಕಾಪಾಡುವುದಾಗಿ ಮಾತು ಕೊಟ್ಟರೆಂದು ಚರಿತ್ರಕಾರರು ಬರೆದಿದ್ದಾರೆ. 1834ನೆಯ ಜೂನ್ 9ರಂದು ಕೇರಿಯವರು ದೈವಾಧೀನರಾದರು. ಮಾತು ಕೊಟ್ಟವರೂ 1837ರಲ್ಲಿ ತೀರಿಕೊಂಡರು.

ತೋಟವು ಉಳಿಯಲಿಲ್ಲ. ಆದರೆ ಶ್ರೀರಾಮಪುರದ ಡೇನಿಷ್ ವೈದ್ಯನಾದ ವೋಯ್ಟ್ ಎಂಬವನು ಶಿವಪುರದ ಉದ್ಯಾನದಲ್ಲಿಯೂ ಈ ತೋಟದಲ್ಲಿಯೂ ಬೆಳೆದಿದ್ದ ಸಸ್ಯಗಳನ್ನೆಲ್ಲ ಪಟ್ಟಿಮಾಡಿದ್ದನು. ಅವನು ಗತಿಸಿದ ಮೇಲೆ 1845ರಲ್ಲಿ ಆ ಗ್ರಂಥವು ಅಚ್ಚಾಯಿತು. ಕಣ್ಮರೆಯಾದ ತೋಟದ ಗಿಡಗಳ ಹೆಸರುಗಳನ್ನು ಇಂದಿಗೂ ಅದರಲ್ಲಿ ಓದಬಹುದು. ಹಲವರ ಕೈಗೆ ಒಪ್ಪಿಸಿದ ಸಂಘವಾದರೋ ಎರಡು ಶತಮಾನಗಳನ್ನು ದಾಟಿ ಕಲ್ಕತ್ತೆಯ ಅಲಿಪುರದಲ್ಲಿ ಬಾಳುತ್ತಿದೆ. ಒಬ್ಬನ ವಾತ್ಸಲ್ಯವು ನೆಟ್ಟುದನ್ನು ಹಲವರ ಹೊಣೆಗಾರಿಕೆಯೇ ಉಳಿಸಬಲ್ಲುದು. ದನಗಳು ನುಗ್ಗುವುದು ಬೇಲಿಯಿಲ್ಲದ ತೋಟಕ್ಕಲ್ಲ, ಕಾಯುವವರಿಲ್ಲದ ತೋಟಕ್ಕೆ.