ಪಹಣಿಯಲ್ಲಿ ಉಳಿದ ಗುಂಡುತೋಪು

ಪಹಣಿಯಲ್ಲಿ ಮರಗಳಿಗೆಂದೇ ಒಂದು ಕಾಲಂ ಇದೆ. ಹೆಸರು, ಸಂಖ್ಯೆ, ಅಷ್ಟೆ. ಮುಳಬಾಗಿಲು ತಾಲ್ಲೂಕಿನಲ್ಲಿ ಗ್ರಾಮಲೆಕ್ಕಿಗನಾಗಿದ್ದಷ್ಟು ಕಾಲ ಆ ಕಾಲಂ ತುಂಬಿದವನು ನಾನು. ಒಮ್ಮೆ ಕೆರೆಯ ಕೆಳಗಿನ ತೋಪಿನಲ್ಲಿ ಮರ ಎಣಿಸುತ್ತಿದ್ದಾಗ ಕುರಿ ಮೇಯಿಸುತ್ತಿದ್ದ ಮುದುಕನೊಬ್ಬ ಹತ್ತಿರ ಬಂದು, “ಮರ ಬರ್ಕೊಂಡ್ರಿ ಸರಿ ಸ್ವಾಮಿ, ಅದರಾಗೆ ಸಂಸಾರ ಮಾಡ್ಕೊಂಡಿರೋವು ಯಾವ ಲೆಕ್ಕಕ್ಕೆ ಬರ್ತಾವೆ?” ಎಂದ. ತಮಾಷೆಗೆ ಕೇಳಿದ್ದು. ಆದರೆ ಕಂದಾಯ ಇಲಾಖೆಯಲ್ಲಿ ಆ ಪ್ರಶ್ನೆಗೆ ಉತ್ತರವಿಲ್ಲ.

ಹಳೇ ಮೈಸೂರು ಸೀಮೆಯವರಿಗೆ ಗುಂಡುತೋಪು ಎಂದರೇನೆಂದು ಹೇಳಬೇಕಿಲ್ಲ. ಊರಾಚೆ, ಸಾಮಾನ್ಯವಾಗಿ ಕೆರೆಯ ಆಸುಪಾಸಿನಲ್ಲಿ, ಊರಿಗೆಲ್ಲ ಸೇರಿದ ಮರಗಳ ಗುಂಪು. ಗಾಡಿ ಬಿಡುವುದು, ಸಂತೆ ಕೂಡುವುದು, ಜಾತ್ರೆಗೆ ಬಂದವರು ಒಲೆ ಹೂಡುವುದು ಎಲ್ಲ ಅಲ್ಲಿಯೇ. ಫಸಲು ವರ್ಷಕ್ಕೊಮ್ಮೆ ಹರಾಜಾಗುತ್ತಿತ್ತು. ಮೈಸೂರಿನಲ್ಲಿ ಅರಣ್ಯ ಇಲಾಖೆ ಹುಟ್ಟಿದ್ದು 1864ರಲ್ಲಿ. ಕಾಡುಗಳು ಆ ಇಲಾಖೆಯ ಪುಸ್ತಕಕ್ಕೆ ಹೋದವು, ಊರ ತೋಪು ಮಾತ್ರ ಶಾನುಭೋಗರ ಕಡತದಲ್ಲೇ ಇತ್ತು. ನಮ್ಮ ತಾತ ಶಾನುಭೋಗರು. ವಂಶಪಾರಂಪರ್ಯದ ಆ ಹುದ್ದೆ 1963ರಲ್ಲಿ ರದ್ದಾಯಿತು. ಕಡತ ಮಾತ್ರ ಕೈಯಿಂದ ಕೈಗೆ ಸಾಗಿ ನಮ್ಮಂಥ ಸಂಬಳದ ಲೆಕ್ಕಿಗರ ಪಾಲಿಗೆ ಬಂತು.

ತೋಪನ್ನು ಯಾರೂ ಹಕ್ಕಿಗೆಂದು ನೆಟ್ಟಿರಲಿಲ್ಲ, ಇದನ್ನು ಒಪ್ಪಿಕೊಳ್ಳಬೇಕು. ಸೀಮೆಎಣ್ಣೆ ಬರುವ ಮುಂಚೆ ದೀಪಕ್ಕೆ ಹೊಂಗೆ ಎಣ್ಣೆ ಬೇಕಿತ್ತು, ಗದ್ದೆಗೆ ಹೊಂಗೆ ಸೊಪ್ಪು ಬೇಕಿತ್ತು. ಎಣ್ಣೆಗೆ ಹಿಪ್ಪೆಯೂ ಆಗುತ್ತಿತ್ತು. ಉಪ್ಪಿನಕಾಯಿಗೆ ನಾಟಿ ಮಾವು, ಸಾರಿಗೆ ಹುಣಸೆ, ಮಕ್ಕಳಿಗೆ ನೇರಳೆ, ಮೈಮೇಲೆ ಅಮ್ಮ ಬಂದರೆ ಬೇವು. ಅತ್ತಿ, ಆಲ, ಬಸರಿ, ಗೋಣಿಗಳನ್ನು ಎಷ್ಟೋ ಕಡೆ ನೆಟ್ಟವರೂ ಇಲ್ಲ. ಹಕ್ಕಿ ಉದುರಿಸಿದ್ದು ಬೆಳೆಯಿತು, ಕಡಿದರೆ ಕೇಡೆಂದು ಜನ ಬಿಟ್ಟರು. ಅಗತ್ಯ ಹತ್ತು ಬಗೆಯದಾಗಿದ್ದರಿಂದ ಮರವೂ ಹತ್ತು ಬಗೆ. ಮಿಕ್ಕ ಜೀವಗಳಿಗೆ ಬೇಕಾಗಿದ್ದು ಇಷ್ಟೇ.

ಹೊಂಗೆಯಿಂದಲೇ ನೋಡಿ. ಶಿವರಾತ್ರಿಯ ಸುಮಾರಿಗೆ ಎಲೆ ಉದುರಿಸಿ, ಯುಗಾದಿಯ ಹೊತ್ತಿಗೆ ಚಿಗುರಿ, ಬುಡದಲ್ಲಿ ಮಂಡಕ್ಕಿ ಚೆಲ್ಲಿದಂತೆ ಹೂ ಕೆಡವುತ್ತದೆ. ತುಡುವೆ, ಕೋಲುಜೇನು, ಹೆಜ್ಜೇನು ಎಲ್ಲಕ್ಕೂ ಅದು ಸುಗ್ಗಿ. ಮಳೆಗಾಲ ಕಳೆಯುವಷ್ಟರಲ್ಲಿ ಗಂಟು, ಚುಕ್ಕೆ, ಹುಳ ಕೊರೆದ ಗೆರೆ ಇಲ್ಲದ ಹೊಂಗೆ ಎಲೆ ಸಿಗುವುದೇ ಕಷ್ಟ. ನುಸಿಗಳು ಎಲೆಯಲ್ಲಿ ಗಂಟು ಎಬ್ಬಿಸುತ್ತವೆ, ಕೆಲವು ಚಿಟ್ಟೆಗಳ ಮರಿಹುಳು ಚಿಗುರನ್ನೇ ತಿಂದು ಬೆಳೆಯುತ್ತವೆ. ನೋಡಿದವರು ರೋಗ ಎನ್ನುತ್ತಾರೆ. ನನ್ನನ್ನು ಕೇಳಿದರೆ ಅದು ಮರದ ಸಂತೆ. ಕಾಳು ತಿನ್ನುವ ಗುಬ್ಬಚ್ಚಿ ಕೂಡ ಗೂಡಿನ ಮರಿಗಳಿಗೆ ಹುಳುವನ್ನೇ ತಂದು ಕೊಡುತ್ತದೆ. ಎಲೆ ತಿನ್ನುವ ಹುಳವಿಲ್ಲದ ಮರದಲ್ಲಿ ಮರಿ ಸಾಕುವುದು ಹೇಗೆ?

ಹಿಪ್ಪೆಯದು ರಾತ್ರಿ ಕೆಲಸ. ರಸ ತುಂಬಿದ ಹೂವಿಗೆ ಬಾವಲಿ ಬರುತ್ತದೆ, ಮೈಗೆ ಅಂಟಿದ ಪರಾಗವನ್ನು ಮುಂದಿನ ಮರಕ್ಕೆ ಮುಟ್ಟಿಸುತ್ತದೆ. ಹಣ್ಣಾದಾಗ ಸಿಪ್ಪೆ ತಿಂದು ಬೀಜ ಉದುರಿಸುವುದೂ ಅದೇ. ಆ ಬೀಜ ಆಯ್ದು ಗಾಣಕ್ಕೆ ಹಾಕಿದವರು ನಮ್ಮ ಹೆಂಗಸರು.

ಅತ್ತಿಯ ಸಂಗತಿಗೆ ಸ್ವಲ್ಪ ಹೆಚ್ಚು ಹೊತ್ತು ಕೊಡುತ್ತೇನೆ. ಅತ್ತಿಗೆ ಹೂ ಬಿಡುವುದನ್ನು ಕಂಡವರಿಲ್ಲ ಎಂಬ ಮಾತಿದೆ. ಹೂ ಇರುವುದು ಕಾಯಿಯ ಒಳಗೆ, ನೂರಾರು. ಅಕ್ಕಿಕಾಳಿಗಿಂತ ಚಿಕ್ಕ ಹೆಣ್ಣು ಕಣಜವೊಂದು ಕಾಯಿಯ ತುದಿಯ ಕಿರುದಾರಿಯಲ್ಲಿ ನುಸುಳುತ್ತದೆ. ನುಸುಳುವಾಗಲೇ ರೆಕ್ಕೆ ಕಳಚುತ್ತವೆ, ಅದು ಮತ್ತೆ ಹೊರಗೆ ಬರುವುದಿಲ್ಲ. ತಂದ ಪರಾಗವನ್ನು ಹೂಗಳಿಗೆ ಮುಟ್ಟಿಸಿ, ಕೆಲವಲ್ಲಿ ಮೊಟ್ಟೆಯಿಟ್ಟು, ಒಳಗೇ ಸಾಯುತ್ತದೆ. ತಿಂಗಳು ಕಳೆಯುವ ಹೊತ್ತಿಗೆ ಮರಿಗಳು ಬಲಿಯುತ್ತವೆ. ಗಂಡುಗಳಿಗೆ ರೆಕ್ಕೆ ಇಲ್ಲ. ಹೆಣ್ಣುಗಳನ್ನು ಕೂಡಿ, ಹೊರಹೋಗಲು ತೂತು ಕೊರೆದು ಕೊಟ್ಟು ಅವುಗಳ ಬಾಳು ಮುಗಿಯುತ್ತದೆ. ಪರಾಗ ಹೊತ್ತು ಹೊರಬಿದ್ದ ಹೆಣ್ಣಿಗೆ ಒಂದೆರಡು ದಿನದ ಆಯುಸ್ಸು. ಅಷ್ಟರಲ್ಲಿ ಹದಕ್ಕೆ ಬಂದ ಇನ್ನೊಂದು ಅತ್ತಿ ಸಿಗಬೇಕು. ಆಲಕ್ಕೆ ಆಲದ್ದೇ ಕಣಜ, ಅತ್ತಿಗೆ ಅತ್ತಿಯದ್ದೇ. ಹಾಗಾಗಿ ಊರಿಗೊಂದು ಒಂಟಿ ಮರ ಉಳಿಸಿದರೆ ಸಾಲದು. ಸುತ್ತ ಹತ್ತೂರಿನ ತೋಪುಗಳಲ್ಲಿ ಬೇರೆ ಬೇರೆ ತಿಂಗಳು ಕಾಯಿ ಕಚ್ಚುವ ಮರಗಳಿರಬೇಕು. ಹಾಗಿದ್ದಾಗ ಬೇಸಿಗೆಯ ಬರಗಾಲದಲ್ಲೂ ಎಲ್ಲೋ ಒಂದು ಕಡೆ ಹಣ್ಣು ಇದ್ದೇ ಇರುತ್ತದೆ. ಕುಟ್ರ ಹಕ್ಕಿ, ಕೋಗಿಲೆ, ಪಿಕಳಾರ, ಹಸಿರು ಪಾರಿವಾಳ ವರ್ಷ ದಾಟುವುದು ಹೀಗೆ.

ಒಣಕೊಂಬೆಗೂ ಬೆಲೆಯಿತ್ತು. ಕುಟ್ರ ಹಕ್ಕಿ, ಮರಕುಟಿಗ ಕೊರೆದು ಬಿಟ್ಟ ಪೊಟರೆಗೆ ಮುಂದಿನ ವರ್ಷ ಗೊರವಂಕವೋ ಮಡಿವಾಳ ಹಕ್ಕಿಯೋ ಬಾಡಿಗೆಯಿಲ್ಲದೆ ಬರುತ್ತವೆ. ಹಳೇ ಮಾವಿನ ದೊಡ್ಡ ಪೊಟರೆ ಹಾಲಕ್ಕಿಗೆ. ತುಮಕೂರಿನ ನಾಗವಲ್ಲಿ ಸುತ್ತಮುತ್ತ ಇಂಥ ಮರಗಳಲ್ಲಿ ಕಾಡುಪಾಪ ಇವೆ. ಕೊಂಬೆಗೆ ಕೊಂಬೆ ತಾಗಿದ್ದರೆ ಮಾತ್ರ ಅವುಗಳ ಓಡಾಟ ಸುಗಮ.

ಹುಣಸೆ ಆಫ್ರಿಕಾದ್ದಲ್ಲವೇ ಎಂದು ಸಸ್ಯಶಾಸ್ತ್ರ ಓದಿದವರು ಕೇಳಬಹುದು. ಹೌದು. ಆದರೆ ಅದು ಬಂದು ತುಂಬಾ ಕಾಲವಾಯಿತು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರ ನಡುವಿನ ಹುಣಸೆ ಮೇಲೆಯೇ ಗೂಡು ಕಟ್ಟುತ್ತವೆ. ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪಂತೂ 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ನೂರಾರು ವರ್ಷದ ಒಕ್ಕಲನ್ನು ಪರದೇಶಿ ಎನ್ನಲು ನನಗೆ ಮನಸ್ಸಿಲ್ಲ.

ನೀಲಗಿರಿಯ ಕಥೆ ಬೇರೆ. ನಂದಿಬೆಟ್ಟದಲ್ಲಿದ್ದ ಗಿಡಗಳಿಂದ ಬಂದ ತಳಿ ‘ಮೈಸೂರು ಗಮ್’ ಎಂಬ ಹೆಸರಿನಲ್ಲಿ ದೇಶವೆಲ್ಲ ಹರಡಿತು. ಕಾಗದ, ರೇಯಾನ್ ಕಾರ್ಖಾನೆಗೆ ಮೆದು ಮರ ಬೇಕಿತ್ತು. ದನ ಮೇಯದ, ಕಾವಲು ಬೇಡದ ಬೆಳೆ ರೈತನಿಗೂ ಬೇಕಿತ್ತು. 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯಲ್ಲಿ ನಮ್ಮ ಕೋಲಾರ ಜಿಲ್ಲೆಯ ರಾಗಿ ಹೊಲಗಳೇ ನೀಲಗಿರಿಯಾದವು, ಗೋಮಾಳ, ತೋಪುಗಳನ್ನು ಕೇಳುವವರು ಯಾರು? 1983ರಲ್ಲಿ ತುಮಕೂರು ಜಿಲ್ಲೆಯಲ್ಲಿ ರೈತ ಸಂಘದವರು ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತೆಸೆದು ಹುಣಸೆ, ಮಾವಿನ ಬೀಜ ಹಾಕಿದರು. ಆಗ ಕಚೇರಿಯಲ್ಲಿ ಅದನ್ನು ಪುಂಡಾಟ ಎಂದೇ ಮಾತಾಡಿಕೊಂಡರು.

ಆ ಮರದ ತಪ್ಪೇನಿಲ್ಲ. ಅದರ ಊರು ಆಸ್ಟ್ರೇಲಿಯಾದಲ್ಲಿ ಅದನ್ನು ತಿನ್ನುವ ಹುಳಗಳೂ ಇವೆ, ಕೋಲಾ ಎಂಬ ಪ್ರಾಣಿಯೂ ಇದೆ. ಇಲ್ಲಿ ಹೂವಿಗೆ ಜೇನು ಬಂದೀತು. ಘಾಟು ಎಣ್ಣೆಯ ಎಲೆಗೆ ಮಾತ್ರ ನಮ್ಮ ಹುಳಗಳು ಹೆಚ್ಚಾಗಿ ಬಾಯಿ ಹಾಕಲಿಲ್ಲ. ಬಲಿಯುವ ಮೊದಲೇ ಕಡಿಯುವ ಮರಕ್ಕೆ ಪೊಟರೆ ಎಲ್ಲಿಂದ ಬರಬೇಕು? ಕಡೆಗೆ ಈ ಶತಮಾನದ ಆರಂಭದಲ್ಲಿ ಒಂದು ಗಂಟು ಕಣಜ ಬಂದು ಎಳೆ ನೀಲಗಿರಿಯನ್ನು ಮುರುಟಿಸಿತು. ಅದೂ ಆಸ್ಟ್ರೇಲಿಯಾದ್ದೇ! 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು.

ನೀಲಗಿರಿ ಹೋದ ಜಾಗಕ್ಕೆ ತೋಪು ವಾಪಸು ಬರಲಿಲ್ಲ. ಓವರ್‌ಹೆಡ್ ಟ್ಯಾಂಕು, ಡೇರಿ ಕಟ್ಟಡ, ಸಮುದಾಯ ಭವನ, ಉಳಿದದ್ದು ಒತ್ತುವರಿ. ಆದರೆ ಕಾಗದದಲ್ಲಿ ಅದು ಇಂದಿಗೂ ಇದೆ. ನಿಮ್ಮೂರಿನ ಸರ್ವೆ ನಂಬರ್ ಹಾಕಿ ಪಹಣಿ ತೆಗೆಸಿ, ‘ಸರ್ಕಾರಿ ಗುಂಡುತೋಪು’ ಎಂದಿದ್ದರೆ ವಿಸ್ತೀರ್ಣ ನೋಡಿ, ಹದ್ದುಬಸ್ತಿಗೆ ತಹಶೀಲ್ದಾರರಿಗೆ ಅರ್ಜಿ ಕೊಡಿ. ಊರ ಸಾರ್ವಜನಿಕ ಜಮೀನಿನ ಒತ್ತುವರಿ ತೆರವು ಮಾಡಲು 2011ರಲ್ಲೇ ಸುಪ್ರೀಂ ಕೋರ್ಟು ಎಲ್ಲ ರಾಜ್ಯಗಳಿಗೂ ಹೇಳಿದೆ, ಅರ್ಜಿಯಲ್ಲಿ ಅದನ್ನೂ ಕಾಣಿಸಿ. ಜಾಗ ಬಿಡಿಸಿಕೊಂಡ ಮೇಲೆ ಒಂದೇ ಜಾತಿಯ ಸಸಿ ಸಾಲಾಗಿ ನೆಡಬೇಡಿ. ಅತ್ತಿ, ಹಿಪ್ಪೆ, ನೇರಳೆ, ಹೊಂಗೆ ಬೆರೆಸಿ ನೆಡಿ, ಒಣಕೊಂಬೆಯನ್ನು ಸೌದೆಗೆ ಕಡಿಯದೆ ಬಿಡಿ.